ಹರವಿಯ ಕೆಳಗಿನ ಹಲಗೆ

ಎಡಗಿವಿಯ ಮೇಲಿಂದ ಶುರುವಾಗಿ ನೆತ್ತಿ ದಾಟುವ ಒಂದು ತಗ್ಗು, ನಾವೆಲ್ಲ ಸ್ಟುಡಿಯೋ ಅಣ್ಣ ಅನ್ನುತ್ತಿದ್ದವರ ಕೂದಲಿನಲ್ಲಿ ಸದಾ ಬಿದ್ದಿರುತ್ತಿತ್ತು. ಹೆಡ್‌ಫೋನಿನ ಪಟ್ಟಿ ಕೂತು ಕೂತು ಆದ ತಗ್ಗು. ಎಣ್ಣೆ ಹಚ್ಚಿ ಬಾಚಿದರೂ, ಕಟಿಂಗ್ ಮಾಡಿಸಿದರೂ ಅದು ಮತ್ತೆ ತನ್ನ ಜಾಗ ಹುಡುಕಿಕೊಂಡು ಬರುತ್ತಿತ್ತು. ಬಂಡಿ ಜಾಡು ಎಂದು ನಾನು ಆಡಿಕೊಳ್ಳುತ್ತಿದ್ದೆ. ಅದೂ ನೆಟ್ಟಗಿರಲಿಲ್ಲ, ಓರೆಯಾಗಿತ್ತು. ಹೆಡ್‌ಫೋನನ್ನು ಅವರು ಎಡಗಿವಿಗೆ ಮಾತ್ರ ಮುಚ್ಚಿಕೊಂಡು ಬಲಗಿವಿಯನ್ನು ತೆರೆದೇ ಇಡುತ್ತಿದ್ದರು.

"ಒಂದು ಕಿವಿ ಹಾಡಿಗಿ, ಒಂದು ಕಿವಿ ಬೀದಿಗಿ," ಅನ್ನುತ್ತಿದ್ದರು. "ಇಲ್ಲಿ ಮಾಡಿದ್ದು ಕಡೀಕೆ ಹೋಗಾದು ಅಲ್ಲಿಗೇ ಅಲ್ಲೇನಲೇ."

ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ, ಟೇಲರ್ ಅಂಗಡಿಯ ಮಹಡಿಯ ಮೇಲೆ ಅವರ ಸ್ಟುಡಿಯೋ. ಹಗಲೆಲ್ಲ ಹೈಸ್ಕೂಲಿನಲ್ಲಿ ಗುಮಾಸ್ತಿಕೆ, ಸಂಜೆಯಾದರೆ ಇಲ್ಲಿ. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದೆಂದು ಸುತ್ತ ಹಳೆಯ ಕೌದಿಗಳನ್ನು ತೂಗುಹಾಕಿದ್ದರು. ಕೌದಿಗಳ ನಡುವೆ ಒಂದು ಬುದ್ಧನ ಪಟ, ಒಂದು ನೀಲಿ ಕೋಟಿನವರ ಪಟ. ಭಜನೆ, ಜನಪದ ಹಾಡು, ಪುಢಾರಿಗಳ ಹುಟ್ಟುಹಬ್ಬದ ಹಾಡು, ಆಟೋದಲ್ಲಿ ಊರೂರು ಕೂಗಿಸುವ ಜಾಹೀರಾತು, ಎಲ್ಲವೂ ಆ ಕೌದಿಗಳ ನಡುವೆಯೇ ಹುಟ್ಟುತ್ತಿದ್ದವು.

ನಾನು ಅಲ್ಲಿಗೆ ಹೋದದ್ದು ಮಹಾನ್ ಕಲಾವಿದನಾಗಿ. ಅಂದರೆ, ಸ್ಕೂಲಿನ ಗ್ಯಾದರಿಂಗುಗಳಲ್ಲಿ ನಾಯಿ, ಎಮ್ಮೆ, ಕೆಂಪು ಬಸ್ಸಿನ ಗೇರು, ನಮ್ಮ ಹೆಡ್‌ಮಾಸ್ತರರ ಕೆಮ್ಮು ಮಾಡಿ ಚಪ್ಪಾಳೆ ಗಿಟ್ಟಿಸಿದವನಾಗಿ. ಊರಿನ ಎಲ್ಲರ ಧ್ವನಿ ನನ್ನ ಗಂಟಲಲ್ಲಿತ್ತು, ನನ್ನದೊಂದು ಬಿಟ್ಟು. ನನ್ನದು ಎಣ್ಣೆ ಕಾಣದ ಬಾವಿಯ ರಾಟೆಯ ಕಿರುಗುಡುವಿಕೆ. ಅಣ್ಣ ಎಲ್ಲವನ್ನೂ ಬಾಯಿ ತೆರೆದುಕೊಂಡು ಕೇಳಿದರು. ಗಮನವಿಟ್ಟು ಕೇಳುವಾಗ ಅವರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

"ನಾಯಿ ಚಲೋ ಐತಿ," ಅಂದರು. "ಮನುಷ್ಯಾರು ಇನ್ನೂ ಆಗಬೇಕು."

ಅವತ್ತಿನಿಂದ ನಾನು ಅವರ ಜಾಹೀರಾತಿನ ಗಂಟಲಾದೆ. ಸೀರೆ ಅಂಗಡಿಗೆ ಅತ್ತೆ ಸೊಸೆ ಇಬ್ಬರೂ ನಾನೇ. ಬೀಜದ ಕಂಪನಿಗೆ ರೈತನೂ ನಾನೇ, ಅವನ ಎತ್ತೂ ನಾನೇ.

ಈ ಕೆಲಸದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಈಗ ವಾದ್ಯಗಳು ಕಂಪ್ಯೂಟರಿನೊಳಗೇ ಕೂತಿರುತ್ತವೆ. ಒಂದು ಕೀ ಒತ್ತಿದರೆ ಶಹನಾಯಿ ಊದುತ್ತದೆ, ಅದನ್ನೇ ಬದಲಿಸಿದರೆ ಪಿಟೀಲು ಕುಯ್ಯುತ್ತದೆ. ಬಂದ ಸದ್ದನ್ನು ತಿದ್ದಲು, ಉಬ್ಬಿಸಲು, ದೂರಕ್ಕೆ ತಳ್ಳಲು ಬೇರೆ ಸಾಮಾನುಗಳಿವೆ. ಅವಕ್ಕೆ ಪ್ಲಗಿನ್ ಅನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಇಂಥವು ರಾಶಿ ಬಿದ್ದಿವೆ. ನಮ್ಮ ಕಡೆಯ ಸ್ಟುಡಿಯೋ ಹುಡುಗರು ಕಂಡದ್ದನ್ನೆಲ್ಲ ತುಂಬಿಕೊಂಡು, ಯಾವ ಹಾಡಿಗೆ ಯಾವುದು ಎಂದು ತಿಳಿಯದೆ ಎಲ್ಲಕ್ಕೂ ಎಲ್ಲವನ್ನೂ ಸುರಿಯುತ್ತಿದ್ದರು. ಅಣ್ಣನ ಕಂಪ್ಯೂಟರಿನಲ್ಲಿ, ಅದೊಂದು ಹಳೆಯ ಲ್ಯಾಪ್‌ಟಾಪು, ಇದ್ದದ್ದು ಬೆರಳೆಣಿಕೆಯಷ್ಟು.

ಹೊಸತೊಂದು ಬಂದರೆ ಅವರು ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಹಾಡು ಓಡುತ್ತಿರುವಾಗ ನಾನು ಹೇಳದೆ ಆ ಪ್ಲಗಿನ್ನನ್ನು ಒಮ್ಮೆ ಹಾಕಬೇಕು, ಒಮ್ಮೆ ತೆಗೆಯಬೇಕು. ಹಾಕಿದ್ದು ಯಾವಾಗ ಎಂದು ಅವರ ಕಿವಿಗೆ ಗೊತ್ತಾಗದಿದ್ದರೆ ಒಂದೇ ಮಾತು: "ಅಳಸು." ಗೊತ್ತಾಗಿ, ಆದರೆ ಅದನ್ನು ಹಾಕದಿದ್ದಾಗಲೇ ಹಾಡು ಚೆನ್ನಾಗಿತ್ತು ಅನ್ನಿಸಿದರೂ ಅದೇ ಮಾತು. ಒಮ್ಮೆ ನಾನು ಬರೀ ಮೌಸು ಟಕ್ಕೆನ್ನಿಸಿ ಏನನ್ನೂ ಮುಟ್ಟದೆ ಬಿಟ್ಟೆ.

"ಈಗ ಹ್ಯಾಂಗೈತಣ್ಣಾ?"

"ಲೇ ಮಂಗ್ಯಾ, ನೀ ಏನೂ ಮಾಡಿಲ್ಲ. ಬರೇ ಸಪ್ಪಳ ಮಾಡಿದಿ."

ಇದರಲ್ಲಿ ಪಾಸಾದರೆ ಕೊನೆಯ ಪರೀಕ್ಷೆ ಕೆಳಗೆ, ಬೀದಿಯಲ್ಲಿ. ಪರಿಚಯದ ಆಟೋದ ಗಂಟೆಬಾಯಿಯ ಸ್ಪೀಕರಿಗೆ ಹಾಡನ್ನು ಹಾಕಿಸಿ, ಅಣ್ಣ ರಸ್ತೆಯಾಚೆಯ ಮಿರ್ಚಿ ಬಂಡಿಯ ಪಕ್ಕ ನಿಲ್ಲುತ್ತಿದ್ದರು. ಎಣ್ಣೆಯ ಚುರುಗುಡುವಿಕೆಯ ಮೇಲೆ ಹಾಡಿನ ಮಾತು ತಿಳಿದರೆ ಆ ಸಾಮಾನು ಉಳಿಯಿತು. ಈ ನೆಪದಲ್ಲಿ ನಾನು ತಿಂದ ಮಿರ್ಚಿಗೆ ಲೆಕ್ಕವಿಲ್ಲ. ಸಂಗೀತಕ್ಕಾಗಿ ಹೊಟ್ಟೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಗುಡ್ಡದಲ್ಲಿ ಕೂಗಿದ ಹಾಗೆ ಧ್ವನಿ ಮೊಳಗಿಸುವ ಪ್ಲಗಿನ್ನುಗಳಲ್ಲಿ ಒಂದೂ ಅವರ ಮನಸ್ಸಿಗೆ ಬರಲಿಲ್ಲ. "ಇವೆಲ್ಲ ಪರದೇಶದ ಚರ್ಚು, ಪರದೇಶದ ದೊಡ್ಡ ದೊಡ್ಡ ಸಭಾಭವನ. ನಮ್ಮ ಪದ ಅಲ್ಲ್ಯಾಕ ಹೋಗಿ ಹಾಡಬೇಕು?" ಎಂದು ಒಂದು ಭಾನುವಾರ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಗುಡೇಕೋಟೆಗೆ ಹೊರಟರು. ಬಂಡೆಗಳ ನಡುವೆ ಮೈಕು ಇಟ್ಟು, ಬಲೂನು ಊದಿ, ಸೂಜಿ ಚುಚ್ಚುವುದು. ಆ ಢಂ ಗುಡ್ಡದಲ್ಲಿ ಹೇಗೆ ಉರುಳಾಡಿ ಸಾಯುತ್ತದೋ ಅದನ್ನು ಹಿಡಿದು ತಂದರೆ, ಆಮೇಲೆ ಯಾರ ಧ್ವನಿಯನ್ನಾದರೂ ಕಂಪ್ಯೂಟರು ಅದೇ ಗುಡ್ಡದಲ್ಲಿ ನಿಲ್ಲಿಸಬಲ್ಲದು. ಮೊದಲ ಬಲೂನಿಗೇ ಒಬ್ಬ ಮುದುಕನ ಕುರಿಗಳು ದಿಕ್ಕೆಟ್ಟು ಓಡಿದವು. ಮುದುಕ ನಮ್ಮ ಮೂರು ತಲೆಮಾರನ್ನು ಬೈದ. ನಾನು ಮರೆಯಲ್ಲಿ ನಿಂತು ಟಗರಿನ ಧ್ವನಿ ಮಾಡಿ ಕುರಿಗಳನ್ನು ಕರೆದೆ. ಒಂದೂ ಬರಲಿಲ್ಲ. ಅಣ್ಣ ಬಂಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕುರಿಗಳಿಗಿ ನಿನಗಿಂತ ಬುದ್ಧಿ ಐತಿ." ಅವರು ಹಾಗೆ ನಕ್ಕದ್ದನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಹಲಗೆಯ ವಿಷಯ ಅಲ್ಲಿಂದ ಬರುವ ದಾರಿಯಲ್ಲೇ ಬಂತು. ನೀಲಿ ಕೋಟಿನವರ ಜಯಂತಿಯ ಮೆರವಣಿಗೆಗೆ ಹಾಡು ಮಾಡಿಸುವ ಹುಡುಗರು "ಹಲಗಿ ಬೀಟ್ ಬೇಕು" ಎಂದು ಕೂತಿದ್ದರು. ಕಂಪ್ಯೂಟರಿನ ವಾದ್ಯಗಳಲ್ಲಿ ಜಗತ್ತಿನ ಡೋಲುಗಳೆಲ್ಲ ಇವೆ, ನಮ್ಮ ಚರ್ಮದ ಹಲಗೆ, ಕೆಲವರು ತಮಟೆ ಅನ್ನುವುದು, ಇಲ್ಲ.

"ನಿಜವಾದದ್ದು ಒಂದು ತಂದು ರೆಕಾರ್ಡ್ ಮಾಡಣಲ್ಲಣ್ಣಾ," ಅಂದೆ.

"ನಮ್ಮ ಮನ್ಯಾಗೇ ಐತಿ," ಅಂದರು. "ನಡಿ, ತೋರಸ್ತೀನಿ."

ಹರಪನಹಳ್ಳಿ ತಾಲೂಕಿನದೇ ಆದ ಅರಸೀಕೆರೆಯಲ್ಲಿ ಅವರ ಮನೆ. ನಾನು ಅಜ್ಜ ಅನ್ನುತ್ತಿದ್ದ ಅವರ ತಂದೆ ಪಂಚಾಯ್ತಿಯಲ್ಲಿ ನೀರಗಂಟಿಯಾಗಿ ರಿಟೈರ್ ಆದವರು. ಒಳಗೆ ಕರೆದು, ಮೂಲೆಯಲ್ಲಿದ್ದ ನೀರಿನ ಹರವಿಯನ್ನು ಅಣ್ಣ ಕಣ್ಣಲ್ಲೇ ತೋರಿಸಿದರು. ಹರವಿ ಉರುಳದಂತೆ ಅದರ ಕೆಳಗೆ ಒಂದು ಕಟ್ಟಿಗೆಯ ಬಳೆ ಇತ್ತು. ಚರ್ಮ ಕಿತ್ತ ಹಲಗೆಯ ಚೌಕಟ್ಟು ಅದು. ಅಜ್ಜ, ಅವರ ಅಪ್ಪ, ಅವರಪ್ಪ, ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗೆ ಬಾರಿಸುತ್ತ ನಡೆಯಬೇಕಿತ್ತು. ಬರುವುದಿಲ್ಲ ಅನ್ನುವ ಹಾಗಿರಲಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಅಜ್ಜ ಅಂಗಳದಲ್ಲಿ ಕೂತು ಚರ್ಮವನ್ನು ಕುಡುಗೋಲಿನಿಂದ ಸೀಳಿ, ಬಳೆಯನ್ನು ಹರವಿಯ ಕೆಳಗಿಟ್ಟರಂತೆ. ಅಂದಿನಿಂದ ಅವರ ಮನೆಯವರು ಯಾರೂ ಹೆಣದ ಮುಂದೆ ನಡೆದಿಲ್ಲ.

ಅಜ್ಜ ನನಗೆ ಆ ಹರವಿಯ ನೀರು ಕೊಟ್ಟರು. ನಮ್ಮದು ಆ ಊರಿಗೂ ಕಿರಾಣಿ ಒಯ್ದು ಮಾರುತ್ತಿದ್ದ, ಲಿಂಗ ಕಟ್ಟಿಕೊಂಡ ಮನೆತನ. ನಾನು ಗಟಗಟ ಕುಡಿದು ತಂಬಿಗೆ ಕೆಳಗಿಟ್ಟಾಗ ಅಜ್ಜ, "ನಿಮ್ಮಜ್ಜ ನಮ್ಮ ಬೀದಿಗಿ ಬಂದ್ರ ಮೂಗು ಮುಚ್ಚಿಕೊಂತಿದ್ದ," ಅಂದರು. ನಾನು ಮೂಗು ಮುಚ್ಚಿಕೊಂಡು ನಡೆಯುವ ನಮ್ಮಜ್ಜನನ್ನು ಅಲ್ಲೇ ಮಾಡಿ ತೋರಿಸಿದೆ. ಅಜ್ಜ ನಗಲಿಲ್ಲ, ಆದರೆ ಇನ್ನೊಂದು ತಂಬಿಗೆ ನೀರು ಕೊಟ್ಟರು.

ವಾಪಸ್ ಬರುವಾಗ ಅಣ್ಣ ಗಾಡಿ ನಿಧಾನ ಮಾಡಿ ಹೇಳಿದರು: "ಅಪ್ಪ ಬಿಟ್ಟಿದ್ದು ಹೆಣದ ಮುಂದ ನಡೆಯಾದನ್ನ. ಹಲಗೀನೂ ಅದರ ಕೂಡ ಹೋತು. ಅದೊಂದನ್ನ ವಾಪಸ್ ತರಬೇಕು ನೋಡಲೇ. ಕುಣಿಯಾಕ. ಬರೇ ಕುಣಿಯಾಕ. ತಂದು ಅಪ್ಪಗ ಕೇಳಸಬೇಕು."

ಹಾಗಾಗಿ ನಿಜವಾದ ಹಲಗೆಯನ್ನು ಮುಟ್ಟದೆ ಹಲಗೆ ಮಾಡಲು ಕೂತರು. ಯಾವುದೋ ಪರದೇಶದ ಬಳೆಡೋಲಿನ ಗುಂ, ಇನ್ನೊಂದು ವಾದ್ಯದಿಂದ ತೆಳ್ಳನೆ ಕಡ್ಡಿಯ ಚಟ್, ಅದರ ಮೇಲೆ ಗುಡೇಕೋಟೆಯ ಬಂಡೆಗಳ ಮೊಳಗು. ಎಲ್ಲ ಬೆಸೆದ ಮೇಲೆ, ಸದ್ದನ್ನು ಬಿಗಿ ಮಾಡಿ ಒಂಚೂರು ಸುಡುವ ಒಂದು ಪ್ಲಗಿನ್. ಹಲಗೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಸುತ್ತಾರಲ್ಲ, ಹಾಗೆ ಅಣ್ಣ ಆ ಪ್ಲಗಿನ್ನಿನ ಗುಂಡಿ ತಿರುಗಿಸುವುದನ್ನೂ "ಕಾಸಾದು" ಅನ್ನುತ್ತಿದ್ದರು. ಆ ಒಂದು ಕೆಲಸಕ್ಕೆ ಅವರು ಹಾಕಿ ನೋಡಿ ಅಳಿಸಿದ ಪ್ಲಗಿನ್ನುಗಳು ಎಷ್ಟೋ. ನಮಗೆಲ್ಲ ಯಾವಾಗಲೋ ಹಲಗೆ ಆಗಿಹೋಗಿತ್ತು. ಹುಡುಗರು ಅದಕ್ಕೆ ಕುಣಿದೂ ಆಗಿತ್ತು.

"ಅಜ್ಜಗ ಯಾವಾಗ ಕೇಳಸ್ತೀರಣ್ಣಾ?"

"ಇನ್ನೂ ಕಾದಿಲ್ಲ. ಅಪ್ಪನ ಕಿವಿ ಅದು, ನಿನ್ನದಲ್ಲ."

ತಮಗೆ ಕಾದಿಲ್ಲದಿದ್ದರೂ ಬೇಡಿದವರಿಗೆಲ್ಲ ಕೊಟ್ಟುಬಿಟ್ಟರು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಸ್ಟುಡಿಯೋದವರೂ ಪೆನ್‌ಡ್ರೈವಿನಲ್ಲಿ ಒಯ್ದರು. ಒಯ್ದವರು ತಮಗೆ ಬೇಕಾದ ಯಾವ ಹೊಡೆತವನ್ನಾದರೂ ಅದರಲ್ಲಿ ಬಾರಿಸಿಕೊಳ್ಳಬಹುದಿತ್ತು. ಕಷ್ಟಪಟ್ಟು ಮಾಡಿದ್ದನ್ನು ಪುಕ್ಕಟೆ ಹಂಚುತ್ತೀರಲ್ಲ ಎಂದು ನಾನು ರೇಗಿಸಿದರೆ, "ಬಚ್ಚಿಟ್ರ ಅದು ಫೈಲು. ಊರೂರಾಗ ಬಾರಿಸಿದ್ರ ವಾದ್ಯ," ಅಂದರು. ಮುಂದೆ ಆದದ್ದಕ್ಕೆಲ್ಲ ಈ ಒಳ್ಳೆಯತನವೇ ದಾರಿ ಮಾಡಿಕೊಟ್ಟಿತು.

ಒಂದು ಸಂಜೆ ಅರಸೀಕೆರೆಯ ಗೊಬ್ಬರದಂಗಡಿ ಸಾಹುಕಾರರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಅವರ ತಂದೆ ಬಹಳ ವಯಸ್ಸಾಗಿ ಹಾಸಿಗೆ ಹಿಡಿದಿದ್ದರು.

"ಮುದುಕ ಇವತ್ತೋ ನಾಳೆಯೋ ಅನ್ನಂಗಾಗ್ಯಾನ," ಎಂದು ಕುರ್ಚಿ ಎಳೆದುಕೊಂಡರು. "ಹಲಗಿಯವರು ಈಗ ಯಾರು ಬರ್ತಾರಪ್ಪ? ಒಬ್ಬ ಬ್ಯಾಂಕಿನಾಗ, ಒಬ್ಬ ಕಂಡಕ್ಟರ್, ಒಬ್ಬ ಮಾಸ್ತರ. ಎಲ್ಲಾರೂ ದೊಡ್ಡೋರಾದ್ರಿ. ಮೊದಲಾದ್ರ ನಿಮ್ಮಪ್ಪಗ ಒಂದು ಹೇಳಿ ಕಳಿಸಿದ್ರ ಸಾಕಿತ್ತು. ನೀನೇನೋ ಕಂಪ್ಯೂಟರಿನಾಗ ಹಲಗಿ ಮಾಡೀಯಂತಲ್ಲ, ಹೆಣದ ಮುಂದ ಬಾರಿಸೋದು ಒಂದೀಟು ಮಾಡಿಕೊಡು. ಆಟೋದಾಗ ಹಾಕಿಸ್ತೀನಿ."

ಅಣ್ಣ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಅದು ಅದಕ್ಕ ಮಾಡಿದ್ದಲ್ರಿ, ಸಾಹುಕಾರ್ರೇ."

"ಅಯ್ಯ, ನಿನಗೇನು ನಡೀ ಅಂತೀನೇನು? ಮಿಷಿನ್ ಬಾರಿಸ್ತೈತಿ. ನೀ ಇಲ್ಲೇ ಕುರ್ಚಿ ಮ್ಯಾಲ ಕುಂದ್ರು."

"ಭಜನಿ ಮಾಡಿಕೊಡ್ತೀನ್ರಿ. ಚಲೋ ಭಜನಿ. ಹಲಗಿ ಆಗಂಗಿಲ್ಲ."

"ಎಲ್ಲಿ ಕುಂತ್ರೂ ಕೆಲಸ ಅದೇ ಅಲ್ಲೇನೋ?" ಅಂದರು ಸಾಹುಕಾರರು, ಸಿಟ್ಟಿಲ್ಲದೆ, ಹವೆಯ ಬಗ್ಗೆ ಮಾತಾಡಿದ ಹಾಗೆ. ಅವರು ಇಳಿದುಹೋದ ಮೇಲೆ ನಾನು ಅವರ ಏದುಸಿರನ್ನು ಮಾಡಿ ತೋರಿಸಲು ಬಾಯಿ ತೆರೆದೆ. "ಇವತ್ತು ಬ್ಯಾಡ," ಅಂದರು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ರಜೆಯ ದಿನ, ನಾವು ಅರಸೀಕೆರೆಯ ಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೆವು. ದೂರದಲ್ಲಿ ಹಲಗೆ ಕೇಳಿಸಿತು. ಸಾವಿನ ಹೊಡೆತ. ಅಣ್ಣನ ತುತ್ತು ಅಲ್ಲಿಗೇ ನಿಂತಿತು. ಎರಡನೇ ಪೆಟ್ಟಿಗೇ ಅವರಿಗೆ ಗೊತ್ತಾಗಿತ್ತು. ಆ ತೆಳ್ಳನೆ ಕಡ್ಡಿಯ ಚಟ್, ಬಂಡೆಗಳ ಆ ಮೊಳಗು, ಇನ್ಯಾರದೂ ಆಗಲು ಸಾಧ್ಯವಿರಲಿಲ್ಲ.

ಅಜ್ಜನಿಗೆ ಅದು ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಬೇರೆ. "ಸಾಹುಕಾರ್ರ ಮನಿ ಮುದುಕ ಹೋದ," ಎಂದು ಎದ್ದು ನಿಂತರು. "ಬಾರಿಸಾಕತ್ತಾವ ಯಾರು? ನಮ್ಮಾರೊಳಗ ಯಾವನು ಹೋದ?"

"ಅಪ್ಪಾ, ಯಾರೂ ಹೋಗಿಲ್ಲ. ಕುಂದ್ರು ನೀ," ಅಂದರು ಅಣ್ಣ.

"ಕಿವಿ ಕೇಳಸವಲ್ದೇನು ನಿನಗ? ಯಾವನೋ ಹೋಗ್ಯಾನ. ಕೈ ಹಿಡಿದು ಎಳಕೊಂಡು ಬರ್ತೀನಿ." ಚಪ್ಪಲಿಯನ್ನೂ ಹಾಕದೆ ಅಜ್ಜ ಹೊರಟರು. ಅಣ್ಣ ಹೊಸ್ತಿಲಲ್ಲೇ ನಿಂತುಬಿಟ್ಟರು. ಹಿಂದೆ ಓಡಿದವನು ನಾನು.

ಊರ ಅಗಸಿಬಾಗಿಲ ಹತ್ತಿರ ಮೆರವಣಿಗೆ ಸಿಕ್ಕಿತು. ಟ್ರ್ಯಾಕ್ಟರಿನ ಮೇಲೆ ಹೂವಿನ ವಿಮಾನ ಕಟ್ಟಿ, ಮುದುಕರನ್ನು ಪೇಟ ಸುತ್ತಿ ಕೂರಿಸಿದ್ದರು. ಮುಂದೆ ಒಂದು ಆಟೋ, ಆಟೋದಲ್ಲಿ ದೊಡ್ಡ ಸ್ಪೀಕರ್ ಡಬ್ಬಿ. ಅಜ್ಜ ಜನರನ್ನು ಸರಿಸುತ್ತ ಹೋಗಿ ಆಟೋದ ಮುಂದೆ ನೋಡಿದರು, ಹಿಂದೆ ನೋಡಿದರು, ಬಗ್ಗಿ ಡಬ್ಬಿಯ ಮರೆಯಲ್ಲೂ ನೋಡಿದರು.

"ಯಾರನ್ನ ಹುಡುಕ್ತೀ ಅಜ್ಜಾ?" ಎಂದ ಆಟೋದಲ್ಲಿದ್ದ ಹುಡುಗ.

"ಹಲಗಿ ಬಾರಿಸಾವನ್ನ."

ಹುಡುಗ ನಕ್ಕು ಮೊಬೈಲು ಎತ್ತಿ ಹಿಡಿದ. "ಇದೇ ಬಾರಿಸಾದು. ಹಡಗಲಿ ಸ್ಟುಡಿಯೋದಾಗ ಮಾಡಿಸ್ಯಾರ. ಹಲಗಿ ಮಾತ್ರ ನಿನ್ನ ಮಗಂದೇ, ಅಜ್ಜಾ. ಏನು ಚೆಂದ ಮಾಡ್ಯಾನ ನೋಡು!"

ಅವನು ಹೊಗಳಿದ್ದೇ. ಅಜ್ಜ ಅಂಗೈಯನ್ನು ಸ್ಪೀಕರಿನ ಜಾಲಿಯ ಮೇಲಿಟ್ಟರು. ಒಂದೊಂದು ಪೆಟ್ಟಿಗೂ ಕೈ ಅದುರುತ್ತಿತ್ತು. ಆಟೋ ಮುಂದಕ್ಕೆ ಹೋದಾಗ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

ಮನೆಗೆ ಬಂದಾಗ ಅಣ್ಣ ಹೊಸ್ತಿಲಲ್ಲೇ ಇದ್ದರು. "ಅಪ್ಪಾ, ಅದನ್ನ ನಾ ಮಾಡಿಕೊಟ್ಟಿಲ್ಲ," ಅಂದರು.

"ಹಲಗಿ ನಿಂದೇನು?"

"ಹೂಂ."

ಅಜ್ಜ ಒಳಗೆ ಹೋಗಿ ಮಲಗಿದರು. ಅಪ್ಪ ಮಗನ ನಡುವೆ ಆ ಬಗ್ಗೆ ಆದ ಮಾತು ಅಷ್ಟೇ.

ಮರುದಿನ ಅಣ್ಣ ಆ ಹಲಗೆಯನ್ನು ತಮ್ಮ ಕಂಪ್ಯೂಟರಿನಿಂದ ತೆಗೆದುಹಾಕಲು ಕೂತರು. ನನ್ನನ್ನೇ ನೋಡಿ "ಅಳಸು" ಅಂದರು. ಮೌಸು ಹಿಡಿದೆ. ಕೈ ಬರಲಿಲ್ಲ. ಅವರದೂ ಬರಲಿಲ್ಲ. "ಇಲ್ಲಿ ಅಳಿಸಿ ಏನು ಮಾಡಾದು, ಎಲ್ಲಾ ಕಡೆ ಅದೇ ಐತಿ," ಎಂದು ಎದ್ದರು. ಅಲ್ಲಿಂದ ಅವರ ಸಂಜೆಗಳೆಲ್ಲ ಗಾಡಿಯ ಮೇಲೆ ಕಳೆದವು. ಒಂದೊಂದು ಊರಿನ ಸ್ಟುಡಿಯೋಗೂ ಹೋಗಿ, "ಹಲಗಿ ಹೆಣದ ಮುಂದ ಹಾಕಬ್ಯಾಡ್ರಿ, ಕೈ ಮುಗೀತೀನಿ. ಆಗಲ್ಲ ಅಂದ್ರ ಅಳಿಸಿಬಿಡ್ರಿ," ಎಂದು ಕೇಳುವುದು. ಕೆಲವು ಕಡೆ ನಾನೂ ಹೋಗಿದ್ದೆ. ಎಲ್ಲರೂ ಚಹಾ ತರಿಸಿದರು, ಎಲ್ಲರೂ ಆಯಿತು ಅಂದರು. ಹಗರಿಬೊಮ್ಮನಹಳ್ಳಿಯ ಹುಡುಗನೊಬ್ಬ ಮಾತ್ರ ನಿಜ ಹೇಳಿದ: "ಅಣ್ಣಾ, ನನ್ನಿಂದ ಎಷ್ಟು ಮಂದಿ ಒಯ್ದಾರೋ ನನಗೇ ಗೊತ್ತಿಲ್ಲ. ಯಾರನ್ನ ಅಂತ ಕೇಳ್ತೀರಿ?"

ಬರುವ ದಾರಿಯಲ್ಲಿ ಅವರನ್ನು ನಗಿಸಲು ನಾನು ಅವರನ್ನೇ ಮಾಡಿ ತೋರಿಸಿದೆ. ಬಾಯಿ ತೆರೆದುಕೊಂಡು, ಕತ್ತು ಓರೆ ಮಾಡಿ, "ಅಳಸು" ಎಂದೆ. "ನನ್ನನ್ನೂ ಬಿಡಲಿಲ್ಲೇನಲೇ," ಅಂದರು, ಅಷ್ಟೇ. ನಗು ಬರಲಿಲ್ಲ.

ಕೊನೆಗೆ ಉಳಿದದ್ದು ಕೂಡ್ಲಿಗಿ. ಅವತ್ತು ನಾನು ಜೊತೆಗಿರಲಿಲ್ಲ. ಅಲ್ಲಿಗೆ ಹೋಗಿ ಅದೇ ಮಾತು ಕೇಳಿಕೊಂಡು ವಾಪಸ್ ಬರುವಾಗ, ಕೊಟ್ಟೂರಿನ ದಾರಿಯಲ್ಲಿ, ಮುಚ್ಚಂಜೆಯ ಹೊತ್ತು, ದೀಪವಿಲ್ಲದೆ ನಿಂತಿದ್ದ ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಅವರ ಗಾಡಿ ಬಡಿಯಿತು. ಆಸ್ಪತ್ರೆಯವರೆಗೂ ಜೀವ ಇರಲಿಲ್ಲ.

ಬಿಳಿ ಬಟ್ಟೆ ಹೊದಿಸಿ, ಬುದ್ಧ, ಧಮ್ಮ, ಸಂಘದ ಮೂರು ಶರಣ ಹೇಳಿ ಅವರನ್ನು ಮಣ್ಣು ಮಾಡಿದರು. ನಾಲ್ಕೂ ಊರಿನ ಸ್ಟುಡಿಯೋದವರು ಬಂದಿದ್ದರು. ಹಲಗೆ ಇರಲಿಲ್ಲ, ಸ್ಪೀಕರ್ ಇರಲಿಲ್ಲ. ಅಷ್ಟು ಜನ ನಡೆದರೂ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ವಾಪಸ್ ಬಸ್ಸಿನಲ್ಲಿ ಬರುವಾಗ ಹರಪನಹಳ್ಳಿಯ ಹೊರಗೆ ಇನ್ಯಾರದೋ ಹೆಣ ಎದುರಾಯಿತು. ಮುಂದೆ ಒಂದು ಆಟೋ. ಅದರಲ್ಲಿ ಅಣ್ಣನ ಹಲಗೆ. ಡ್ರೈವರು ಗೌರವಕ್ಕೆಂದು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದ. ಅದು ಪೂರಾ ದಾಟಿಹೋಗುವ ತನಕ ಕೂತು ಕೇಳಬೇಕಾಯಿತು.

ಆಮೇಲೆ ಒಮ್ಮೆ, ಸ್ಟುಡಿಯೋದ ಕೌದಿಗಳನ್ನು ಇಳಿಸುವಾಗ, ಜೊತೆಗಿದ್ದ ಹುಡುಗರು "ಅಣ್ಣನ್ನ ಒಮ್ಮೆ ಮಾಡಲೇ," ಎಂದು ಗಂಟುಬಿದ್ದರು. ನಾನು ಯಾವತ್ತು ಬೇಡ ಅಂದವನು? ಬಾಯಿ ತೆರೆದು, ಕತ್ತು ಓರೆ ಮಾಡಿ, ಆ ಒಂದು ಮಾತು ಹೇಳಿದೆ. ಕೆಳಗೆ ಟೇಲರ್ ಮಷೀನು ತುಳಿಯುವುದನ್ನು ನಿಲ್ಲಿಸಿ ಮೆಟ್ಟಿಲ ಬುಡಕ್ಕೆ ಓಡಿಬಂದು ಮೇಲೆ ನೋಡಿದ. ಮನುಷ್ಯರನ್ನು ಮಾಡುವುದು ನನಗೆ ಕೊನೆಗೂ ಬಂದಿತ್ತು. ಮತ್ತೆ ಅದನ್ನು ಮಾಡಿಲ್ಲ.

ಅಣ್ಣನ ಲ್ಯಾಪ್‌ಟಾಪನ್ನು ಮನೆಗೆ ಮುಟ್ಟಿಸಲು ನಾನೇ ಅರಸೀಕೆರೆಗೆ ಹೋದೆ. ಅಜ್ಜ ಹರವಿಯ ಪಕ್ಕ ಗೋಡೆಗೊರಗಿ ಕೂತಿದ್ದರು. ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿದರು.

"ಅದರಾಗ ಐತೇನು?" ಅಂದರು.

"ಏನಜ್ಜಾ?"

"ಹಲಗಿ."

ಸಾವಿನ ಹೊಡೆತ ಅದರಲ್ಲಿ ಇರಲೇ ಇಲ್ಲ. ಇದ್ದದ್ದು ಹುಡುಗರು ಕುಣಿದ ಜಯಂತಿಯ ಹೊಡೆತ. ಅದನ್ನು ಹಚ್ಚಿದೆ. ಅಜ್ಜ ಕಣ್ಣು ಮುಚ್ಚಿ, ಬಾಯಿ ತೆರೆದುಕೊಂಡು ಕೇಳಿದರು. ಅಣ್ಣ ಆ ಬಾಯಿಯನ್ನು ಎಲ್ಲಿಂದ ತಂದಿದ್ದರೆಂದು ಆಗ ತಿಳಿಯಿತು.

"ಕಾದಿಲ್ಲ," ಅಂದರು. "ಇನ್ನೊಂದೀಟು ಕಾಸಬೇಕಿತ್ತು." ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು. "ಅವನಿಗಿ ಗೊತ್ತಿತ್ತೇನು?"

"ಗೊತ್ತಿತ್ತಜ್ಜಾ. ಅದಕ್ಕ ನಿಮಗಿ ಕೇಳಿಸಿರಲಿಲ್ಲ."

ಅಜ್ಜನ ಕೈ ಹರವಿಯ ಕೆಳಗಿನ ಬಳೆಯ ಮೇಲೆ ಹೋಗಿ ನಿಂತಿತು. ನೀರು ಜಿನುಗಿ ಅದು ಒದ್ದೆಯಾಗಿತ್ತು.

"ಹಂಗಾದ್ರ ಕಾಸು," ಅಂದರು.

ನಾನು ಅಣ್ಣನ ಆ ಪ್ಲಗಿನ್ ತೆರೆದು, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಹಚ್ಚಿದೆ.

"ಇನ್ನೂ," ಅಂದರು ಅಜ್ಜ.